ಥಾಯ್ಲೆಂಡಿನ ಜವಾರಿ ಬದನೆ

ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅಂಬಣ್ಣ ತನ್ನ ಮನೆಯಲ್ಲಿ ಒಂದನ್ನೂ ತಾನಾಗಿ ಆರಿಸಿದವನಲ್ಲ. ಗೋಡೆಯ ಬಣ್ಣ ಶೇಖಮ್ಮ ಆರಿಸಿದ್ದು. ಬಾಗಿಲ ಪರದೆ ಶೇಖಮ್ಮ ಆರಿಸಿದ್ದು. ಕಣ್ಣು ಮುಚ್ಚಿಸಿ, ನೀನು ತೊಟ್ಟ ಅಂಗಿಯ ಬಣ್ಣ ಯಾವುದಪ್ಪಾ ಎಂದು ಕೇಳಿದರೆ ಅವನು ತಡವರಿಸುತ್ತಿದ್ದ. ಬಟ್ಟೆ ಅಂಗಡಿಯಲ್ಲಿ ಅವನು ನಿಲ್ಲುತ್ತಿದ್ದುದು ಅಳತೆ ಕೊಡುವುದಕ್ಕೆ ಮಾತ್ರ. ಮಗಳು ಕವಿತಾಳಿಗೆ ಯಾದಗಿರಿಯಲ್ಲಿ ವರ ಗೊತ್ತಾದ ಸುದ್ದಿ ಕೂಡ ಅವನಿಗೆ ಮುಟ್ಟಿದ್ದು ಕಚೇರಿಯಲ್ಲಿ, ಇನ್ನೊಬ್ಬ ಸಿಪಾಯಿಯ ಬಾಯಿಂದ. (ವರ ಒಳ್ಳೆಯವನೇ. ಶೇಖಮ್ಮ ಆರಿಸಿದ್ದು ಯಾವುದೂ ಇದುವರೆಗೆ ಕೆಟ್ಟದ್ದಾಗಿಲ್ಲ. ಅಂಬಣ್ಣನ ಸಂಕಟವೆಲ್ಲ ಅದೇ.)

ಸುರಪುರದ ಒಂದು ಸರಕಾರಿ ಕಚೇರಿಯಲ್ಲಿ ಅವನು ಸಿಪಾಯಿ. ಅಲ್ಲಿಯೂ ಇದೇ ಕಥೆ. ಯಾವ ಕಡತ ಬೇಕು ಎಂದು ಆರಿಸುವವರು ಸಾಹೇಬರು, ಹೊತ್ತು ತರುವವನು ಇವನು. ಹೀಗೆ ಮನೆಯಲ್ಲೂ ಕಚೇರಿಯಲ್ಲೂ ತಲೆ ತಗ್ಗಿಸಿಕೊಂಡು ಬಂದ ಮನುಷ್ಯ ಕಡೆಗೂ ಒಂದು ದಿನ ಬಂಡೆದ್ದ. ಬಂಡೆದ್ದದ್ದು ಬದನೆಕಾಯಿಯ ವಿಷಯಕ್ಕೆ.

ಅವನ ಮನೆಯ ಹಿಂದೆ ಆರು ಮಡಿಗಳ ಹಿತ್ತಲು. ಶೇಖಮ್ಮನ ತಮ್ಮ ಬಾಲರಾಜನಿಗೆ ಕಕ್ಕೇರಾದಲ್ಲಿ ಬೀಜ ಗೊಬ್ಬರದ ಅಂಗಡಿ. ಪ್ರತಿ ವರ್ಷ ಮುಂಗಾರಿನ ಕಾರ ಹುಣ್ಣಿಮೆಯ ಆಸುಪಾಸು ಅವನು ಅಕ್ಕನ ಮನೆಗೆ ಬಂದು, ಊಟ ಮಾಡಿ, ಹೋಗುವಾಗ ಹೈಬ್ರಿಡ್ ಬದನೆಯ ಪಾಕೀಟೊಂದನ್ನು ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದ. ಆ ವರ್ಷದ ಬದನೆ ಅದೇ. ಒಂದು ವರ್ಷ ಅಂಬಣ್ಣ ಯಾರಿಗೂ ಹೇಳದೆ, ಪಾಕೀಟಿನ ಗಿಡದಲ್ಲಿ ಹಣ್ಣಾದ ಒಂದು ಕಾಯಿಯಿಂದ ಬೀಜ ತೆಗೆದಿಟ್ಟು ಬಿತ್ತಿದ. ಹೈಬ್ರಿಡ್ಡಿನ ಮಕ್ಕಳು ತಾಯಿಯನ್ನು ಹೋಲುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಒಂದು ಗಿಡದಲ್ಲಿ ಹೆಬ್ಬೆರಳಿನಂಥ ಕಾಯಿ, ಇನ್ನೊಂದರಲ್ಲಿ ಚೊಂಬಿನಂಥದ್ದು, ಮೂರನೆಯದು ಬೇವಿನಷ್ಟು ಕಹಿ.

ಎಳ್ಳ ಅಮಾಸಿಯ ದಿನ ಕಕ್ಕೇರಾದ ಹೊಲದಲ್ಲಿ, ಭೂತಾಯಿಗೆ ಚರಗ ಚೆಲ್ಲಿ, ಎಲ್ಲರೂ ಸಜ್ಜೆ ರೊಟ್ಟಿಗೆ ಕೂತಾಗ ಬಾಲರಾಜ ಆ ಕಾಯಿಗಳ ಕಥೆ ತೆಗೆದ. ಒಂದೊಂದು ಕಾಯಿಯ ಆಕಾರವನ್ನೂ ಕೈಯಲ್ಲಿ ಮಾಡಿ ತೋರಿಸಿದ. ಹೊಲವೆಲ್ಲ ನಕ್ಕಿತು.

"ಮಾವ, ಬೀಜ ಆರಸೋದಂದ್ರ ಕಡತ ಹೊತ್ತಂಗಲ್ಲ ಬಿಡ್ರಿ," ಎಂದ ಬಾಲರಾಜ. "ಅದಕ್ಕೊಂದು ಕಣ್ಣ ಬೇಕಾಗ್ತದ. ಅದು ನಿಮಗಿಲ್ಲ."

ಅಂಬಣ್ಣ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟ. (ಇಪ್ಪತ್ತಾರು ವರ್ಷಗಳಲ್ಲಿ ಅವನು ತಿನ್ನುತ್ತಿದ್ದ ರೊಟ್ಟಿಯನ್ನು ಕೆಳಗಿಟ್ಟದ್ದು ಅದೇ ಮೊದಲು.) ಬರುವ ವರ್ಷ ತನ್ನ ಬದನೆಯನ್ನು ತಾನೇ ಆರಿಸುತ್ತೇನೆ, ಬೆಳೆಯುತ್ತೇನೆ, ಅದರ ಬೀಜ ತಾನೇ ಇಡುತ್ತೇನೆ, ನಿನ್ನ ಪಾಕೀಟು ನಮ್ಮ ಹೊಸ್ತಿಲು ದಾಟಕೂಡದು ಎಂದ. ಇಷ್ಟು ದೊಡ್ಡ ಮಾತು ಬಾಯಿಂದ ಬಿದ್ದ ಮೇಲೆ ಅಭ್ಯಾಸಬಲದಿಂದ ಶೇಖಮ್ಮನ ಕಡೆ ನೋಡಿದ.

ಶೇಖಮ್ಮ ನ್ಯಾಯವಂತೆ. ಗಂಡನ ಪರವೂ ಇಲ್ಲ, ತಮ್ಮನ ಪರವೂ ಇಲ್ಲ ಎಂಬಂತೆ ಕೈ ತೊಳೆದುಕೊಂಡು ತೀರ್ಪು ಕೊಟ್ಟಳು. "ಒಂದು ಮಡಿ ನಿಮ್ದು. ಬರೋ ಎಳ್ಳ ಅಮಾಸಿಗೆ ನಿಮ್ಮ ಬದನಿದು ಒಂದು ಹಿಡಿ ಬೀಜ ನನ್ನ ಕೈಯಾಗ ಇಡ್ರಿ. ಇಟ್ರ, ಆಮ್ಯಾಲ ನಮ್ಮ ಹಿತ್ತಲದಾಗ ನಿಮ್ಮ ಬದನಿನೇ. ಇಡಲಿಲ್ಲಂದ್ರ ನನ್ನ ತಮ್ಮನ ಪಾಕೀಟು, ಮತ್ತ ನೀವು ಬದನಿ ಮಾತಿಗೆ ತುಟಿ ಬಿಚ್ಚಂಗಿಲ್ಲ."

ಒಂದು ಹಿಡಿ ಬೀಜ. ಅಷ್ಟಾದರೆ ಆ ಮನೆಯಲ್ಲಿ ಅಂಬಣ್ಣನ ಆಯ್ಕೆ ಎಂಬುದು ಒಂದಾದರೂ ಇರುತ್ತಿತ್ತು.

ಅವನು ಥಾಯ್ಲೆಂಡಿನ ಬದನೆಗೇ ಯಾಕೆ ಕೈ ಹಾಕಿದ ಎಂದು ಓಣಿಯವರು ಈಗಲೂ ಕೇಳುತ್ತಾರೆ. ಕಾರಣ ಸರಳ. ಯಾವ ಊರಿನ ಬದನೆ ತಂದರೂ ಬಾಲರಾಜ, ಇದು ನನ್ನ ಅಂಗಡಿಯಲ್ಲೂ ಇದೆ ಎನ್ನುತ್ತಿದ್ದ. ಅವನ ಅಂಗಡಿಯಲ್ಲಿ ಇಲ್ಲದ್ದು, ಅವನು ಹೆಸರೂ ಕೇಳದ್ದು ಬೇಕಾಗಿತ್ತು. ಅಂಬಣ್ಣ ಫೋನಿನಲ್ಲಿ ಬೀಜ ಉಳಿಸುವವರ ಗುಂಪೊಂದನ್ನು ಸೇರಿದ. ಅಲ್ಲಿ ಮೈಸೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಬಗೆಬಗೆಯ ಬದನೆ ಬೆಳೆಯುತ್ತಿದ್ದರು. ಅವರು ಥಾಯ್ ಬದನೆಯ ಐದು ಬಗೆಗಳನ್ನು ಐದು ಲಕೋಟೆಗಳಲ್ಲಿ ಹಾಕಿ ಅಂಚೆಗೆ ಕೊಟ್ಟರು. ಜೊತೆಗೊಂದು ಚೀಟಿ: ಇವೆಲ್ಲ ಮುಕ್ತ ಪರಾಗಸ್ಪರ್ಶದ ತಳಿಗಳು, ಬೀಜ ಇಟ್ಟರೆ ತಾಯಿಯಂತೆಯೇ ಮಕ್ಕಳು, ಕೇಳಿದವರಿಗೆ ಇಲ್ಲ ಎನ್ನದೆ ಹಂಚಿ.

"ಮುಕ್ತ ಪರಾಗಸ್ಪರ್ಶ" ಎಂಬ ಮಾತನ್ನು ಅಂಬಣ್ಣ ಎರಡು ದಿನ ಬಾಯಲ್ಲಿ ಇಟ್ಟುಕೊಂಡು ಓಡಾಡಿದ. ಮೂರನೆಯ ದಿನ ಪಕ್ಕದ ಮನೆಯ ಖಾಸಿಂಬೀ ಅದೇನೆಂದು ಕೇಳಿದಾಗ, ಜವಾರಿ ಬೀಜ ಎಂದು ಹೇಳಿ ಮುಗಿಸಿದ. ಖಾಸಿಂಬೀಗೆ ಸಮಾಧಾನವಾಗಲಿಲ್ಲ. ಜವಾರಿ ಎಂದರೆ ನಮ್ಮ ಊರಿನದು, ಥಾಯ್ಲೆಂಡಿನಿಂದ ಬಂದದ್ದು ಜವಾರಿ ಹೇಗಾಗುತ್ತದೆ ಎಂದು ಪಟ್ಟು ಹಿಡಿದಳು. "ಅಲ್ಲಿ ಮಂದಿಗೂ ಒಂದು ಜವಾರಿ ಇರ್ತದ ತಂಗಿ," ಎಂದ ಅಂಬಣ್ಣ. "ಅವರೇನು ಹುಟ್ಟಿದಾಗಿಂದ ಪಾಕೀಟ ತಿಂತಾರೇನು?"

ಬೇಸಿಗೆಯ ಕಡೆಗೆ, ಬಚ್ಚಲ ಗೋಡೆಯ ನೆರಳಲ್ಲಿ ಐದು ಒಡೆದ ಗಡಿಗೆಗಳಲ್ಲಿ ಬೀಜ ಬಿದ್ದವು. ಅಂಬಣ್ಣ ಕಚೇರಿಯ ಹಳೆಯ ಕಡತದ ರಟ್ಟು ಕತ್ತರಿಸಿ ಪ್ರತಿಯೊಂದಕ್ಕೂ ಹೆಸರು ಬರೆದು ಸಿಕ್ಕಿಸಿದ. ನೋಟುಬುಕ್ಕಿಗೆ ಗೆರೆ ಎಳೆದು, ಮೊಳೆತ ದಿನ, ಎಲೆ ಬಂದ ದಿನ, ಇರುವೆ ಕಂಡ ದಿನ ಎಂದು ತುಂಬಿಸಿದ. ಮಳೆ ಬಿದ್ದ ಮೇಲೆ ಬಗೆಗೆ ನಾಲ್ಕರಂತೆ ಇಪ್ಪತ್ತು ಸಸಿಗಳು ಅವನ ಒಂದೇ ಮಡಿಯಲ್ಲಿ ಊರಿಕೊಂಡವು. ಉಳಿದ ಐದು ಮಡಿಗಳಲ್ಲಿ ಶೇಖಮ್ಮನ ಮೆಂತ್ಯೆ, ಪುಂಡಿಪಲ್ಯೆ, ಹೀರೆ, ಬೆಂಡೆ, ಮತ್ತು (ಮುಂಜಾಗ್ರತೆಗೆ) ಬಾಲರಾಜನ ಪಾಕೀಟು.

ಈಗ ಆರಿಸುವ ಕೆಲಸ. ಐದರಲ್ಲಿ ಒಂದು. ಅಂಬಣ್ಣನ ಜೀವಮಾನದ ಮೊದಲ ಆಯ್ಕೆ.

ಪರೀಕ್ಷೆ ಎಣ್ಣೆಗಾಯಿಯದ್ದೇ ಎಂದು ಅವನು ಮೊದಲೇ ನಿರ್ಧರಿಸಿದ್ದ. ಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕು ಸೀಳಿ, ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲದ ಮಸಾಲೆ ತುಂಬಿ, ಎಣ್ಣೆಯಲ್ಲಿ ಬೇಯಿಸಿದಾಗ ಹೂರಣ ಬಿಡದೆ ನಿಲ್ಲಬೇಕು. ನಿಲ್ಲದ ಬದನೆ ಥಾಯ್ಲೆಂಡಿನದಾದರೇನು, ದೇವಲೋಕದ್ದಾದರೇನು. ಅಡುಗೆ ಮಾಡುವವಳು ಶೇಖಮ್ಮ, ಅಂಕ ಕೊಡುವವನು ತಾನು ಎಂದು ಅವನು ಎಣಿಸಿದ್ದ. ಮೊದಲ ದಿನವೇ ಅಡುಗೆ ಮಾಡುವವಳು ಅಂಕವನ್ನೂ ಕೊಡತೊಡಗಿದಳು.

ಉದ್ದ ಹಸಿರು ಬಗೆಯ ಕಾಯಿ ಗೇಣಿಗಿಂತ ಉದ್ದ, ತೆಳು ಸಿಪ್ಪೆ, ಸಿಹಿ ರುಚಿ. ಆದರೆ ಪಾತ್ರೆಯಲ್ಲಿಟ್ಟರೆ, ಗಿಡ್ಡ ಹೊರಸಿನ ಮೇಲೆ ಮಲಗಿದ ಎತ್ತರದ ಆಳಿನ ಕಾಲಿನಂತೆ ಅಂಚಿನಿಂದ ಹೊರಗೆ ಚಾಚುತ್ತಿತ್ತು. ಮುರಿದು ಹಾಕಿದರೆ ಅದು ಎಣ್ಣೆಗಾಯಿಯಲ್ಲ, ಪಲ್ಯೆ. ಬಿಳಿ ಗುಂಡಿನದು ಕಾಯಿ ಬಿಟ್ಟದ್ದು ಶ್ರಾವಣದಲ್ಲಿ. ಥೇಟು ಕೋಳಿಮೊಟ್ಟೆ. ಶ್ರಾವಣ ಮುಗಿಯುವವರೆಗೆ ಇದನ್ನು ಒಳಗೆ ತರಬೇಡಿ, ಬೇಲಿಯಾಚೆಯಿಂದ ನೋಡಿದವರಿಗೆಲ್ಲ ಕುಳಿತು ವಿವರಿಸುವುದು ನನ್ನಿಂದಾಗದು ಎಂದಳು ಶೇಖಮ್ಮ. ಶ್ರಾವಣ ಮುಗಿದ ಮೇಲೂ ಅದು ಒಲೆ ಕಾಣಲಿಲ್ಲ. ಹಳದಿ ಬಗೆಯದು ಎಳೆಯದರಲ್ಲಿಯೇ ಹಳದಿ. ನೋಡಲು ಚೆಂದ, ತಿಂದರೆ ಔಷಧಿ. ನೇರಳೆ ಪಟ್ಟೆಯದು ಎಲ್ಲದರಲ್ಲಿ ಪಾಸಾಗುವಂತಿತ್ತು, ಆದರೆ ನಮ್ಮ ಕರಿಮಣ್ಣಿನಲ್ಲಿ ಎರಡು ದಿನ ನೀರು ನಿಂತದ್ದೇ ನಾಲ್ಕೂ ಗಿಡ ಒಂದೇ ದಿನ ತಲೆ ಬಾಗಿಸಿದವು.

ಉಳಿದದ್ದು ಗುಂಡು ಹಸಿರು. ನಿಂಬೆಹಣ್ಣಿನಷ್ಟು ಗಾತ್ರ, ಮೈಮೇಲೆ ಬಿಳಿ ಗೀರು, ಒಂದೊಂದು ಗೊಂಚಲಿಗೆ ಮೂರು ನಾಲ್ಕು ಕಾಯಿ. ಹಸಿಯದನ್ನೇ ರೊಟ್ಟಿಯ ಜೊತೆ ಕಚ್ಚಿದರೆ ಕರಂ ಎಂದು ಸದ್ದು. ಎಣ್ಣೆಗಾಯಿ ಮಾಡಿದ ದಿನ ಪಾತ್ರೆಯ ಮುಚ್ಚಳ ತೆಗೆದರೆ ಹನ್ನೆರಡೂ ಕಾಯಿ ಇಟ್ಟಲ್ಲಿಯೇ, ಒಂದೂ ಬಾಯಿ ಬಿಟ್ಟಿರಲಿಲ್ಲ. ಶೇಖಮ್ಮ ಒಂದು ತಿಂದಳು. ಎರಡನೆಯದು ತಿಂದಳು. ಮೂರನೆಯದಕ್ಕೆ ಕೈ ಹಾಕುತ್ತ, "ಬೀಜ ಭಾಳ ಅದಾವ," ಎಂದಳು.

ಅಂಬಣ್ಣನಿಗೆ ಬೇಕಾಗಿದ್ದುದೇ ಬೀಜ. ಅವನು ನೋಟುಬುಕ್ಕಿನಲ್ಲಿ ಗುಂಡು ಹಸಿರಿನ ಮುಂದೆ ಎರಡು ಗೆರೆ ಎಳೆದು, "ಆಯ್ಕೆ: ಅಂಬಣ್ಣ" ಎಂದು ಬರೆದು, ಕೆಳಗೆ ರುಜು ಮಾಡಿ, ದಿನಾಂಕ ಹಾಕಿದ.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಕೆಟ್ಟದ್ದು ಮೇಷ್ಟ್ರ ಒಂದು ಸಂದೇಶದಿಂದ.

ಬಗೆಬಗೆಯ ಬದನೆ ಒಂದೇ ಮಡಿಯಲ್ಲಿದ್ದರೆ ಜೇನುಹುಳು ಪರಾಗವನ್ನು ಕಲೆಸುತ್ತದೆ, ಬೀಜ ಶುದ್ಧವಾಗಿ ಉಳಿಯದು, ಅರಳುವ ಮೊದಲೇ ಮೊಗ್ಗಿಗೆ ತೆಳುಬಟ್ಟೆಯ ಚೀಲ ಕಟ್ಟಿ, ದಿನವೂ ಬೆಳಿಗ್ಗೆ ಚೀಲವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಒಳಗಿನ ಪರಾಗ ಉದುರಿ ಕಾಯಿ ಕಟ್ಟುತ್ತದೆ ಎಂದು ಅವರು ಬರೆದಿದ್ದರು. ಅಂಬಣ್ಣ ಒಮ್ಮೆ ಓದಿದ್ದನ್ನು ಅಕ್ಷರ ತಪ್ಪದೆ ಮಾಡುವ ಮನುಷ್ಯ. ತೆಳುಬಟ್ಟೆ ಹುಡುಕಿದ. ಶೇಖಮ್ಮನ ಟ್ರಂಕಿನಲ್ಲಿ ಕುಬಸದ ಖಣಗಳು ರಾಶಿ ಇದ್ದವು. (ಉಡಿ ತುಂಬಿದಾಗ ಬರುವ ಈ ಖಣಗಳನ್ನು ಯಾರೂ ಹೊಲಿಸುವುದಿಲ್ಲ. ಒಂದು ಮನೆಯಿಂದ ಬಂದದ್ದು ಇನ್ನೊಂದು ಮನೆಗೆ ಹೋಗುತ್ತದೆ, ವರ್ಷಗಟ್ಟಲೆ ತಿರುಗುತ್ತದೆ.) ಒಂದು ಕಡಿಮೆಯಾದರೆ ಯಾರಿಗೆ ಗೊತ್ತಾದೀತು ಎಂದು ಅವನು ತೆಳ್ಳಗಿನ ಕೆಂಪು ಖಣವೊಂದನ್ನು ಎಳೆದ. ಎರಡು ಭಾನುವಾರ ಕುಳಿತು, ಒಂದೇ ಅಳತೆಯ ಹನ್ನೊಂದು ಪುಟ್ಟ ಚೀಲಗಳನ್ನು ಕೈಹೊಲಿಗೆ ಹಾಕಿದ. ಕಟ್ಟಲು ದಾರ ಸಿಕ್ಕಿದ್ದು ದೇವರ ಜಗಲಿಯ ಡಬ್ಬಿಯಲ್ಲಿ, ಅರಿಶಿಣ ಹಚ್ಚಿದ್ದು.

ನಾಲ್ಕು ಗುಂಡು ಹಸಿರು ಗಿಡಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಬೇಲಿಯ ಪಕ್ಕ ಇತ್ತು. ಬೇಲಿಯಾಚೆ ಓಣಿಯ ಹೆಂಗಸರು ನೀರಿಗೆ ಹೋಗುವ ದಾರಿ. ದಸರೆ ಮುಗಿದ ಮಂಗಳವಾರ ಅಂಬಣ್ಣ ಆ ಒಂದೇ ಗಿಡಕ್ಕೆ ಹನ್ನೊಂದು ಕೆಂಪು ಗಂಟುಗಳನ್ನು ಹಳದಿ ದಾರದಲ್ಲಿ ಕಟ್ಟಿದ. ಮರುದಿನದಿಂದ ಬೆಳಿಗ್ಗೆ ಸ್ನಾನ ಮಾಡಿ, ಕಚೇರಿ ಅಂಗಿ ಕೆಸರಾಗದಿರಲೆಂದು ಬರಿಮೈಯಲ್ಲಿ, ಮಡಿಯ ಮಣ್ಣು ತುಳಿಯಬಾರದೆಂದು ಬರಿಗಾಲಿನಲ್ಲಿ ಹೋಗಿ, ಒಂದೊಂದೇ ಗಂಟನ್ನು ಬೆರಳಿನಿಂದ ತಟ್ಟುತ್ತ, ಲೆಕ್ಕ ತಪ್ಪದಿರಲೆಂದು ತುಟಿಯೊಳಗೇ ಎಣಿಸುತ್ತ ಗಿಡವನ್ನು ಸುತ್ತಿ ಬರತೊಡಗಿದ.

ಬೇಲಿಯಾಚೆಯಿಂದ ಅದು ಹೇಗೆ ಕಾಣುತ್ತಿತ್ತು ಎಂಬುದನ್ನು ಅವನು ಯೋಚಿಸಲಿಲ್ಲ. ಅವನ ಲಕ್ಷ್ಯವೆಲ್ಲ ಪರಾಗದ ಮೇಲಿತ್ತು.

ಓಣಿಯ ಕೊನೆಯ ಮನೆಯ ಅಯ್ಯಮ್ಮ ಆಡು ಕಾಯುವ ಮುದುಕಿ. ಒಂದು ದಿನ ಅವಳ ಆಡೊಂದು ತಪ್ಪಿಸಿಕೊಂಡಿತು. ಹುಡುಕಿ ಹುಡುಕಿ ಸೋತು ಬೇಲಿಯ ಹತ್ತಿರ ನಿಂತವಳಿಗೆ ಕೆಂಪು ಗಂಟುಗಳ ಗಿಡ ಕಂಡಿತು. ಹರಕೆಯ ಗಿಡ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಸೀರೆಯ ಅಂಚಿನಿಂದ ಒಂದು ಎಳೆ ಹರಿದು, ಕೈ ಚಾಚಿ ಟೊಂಗೆಗೆ ಕಟ್ಟಿ, ಆಡು ಸಿಗಲಿ ತಾಯೀ ಎಂದಳು. ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಆಡು ಕೂಗಿತು. ಅದು ಅದೇ ಹಿತ್ತಲಲ್ಲಿ, ಹೀರೆಯ ಚಪ್ಪರದ ಮರೆಯಲ್ಲಿ ನಿಂತು ಅಂಬಣ್ಣನ ಉದ್ದ ಹಸಿರು ಬದನೆಯನ್ನು ಬುಡದವರೆಗೆ ಮೇಯುತ್ತಿತ್ತು. ಅಂಬಣ್ಣ ಕಚೇರಿಯಿಂದ ಬರುವ ಹೊತ್ತಿಗೆ ನಾಲ್ಕು ಗಿಡ ಹೋಗಿದ್ದವು. ಸುದ್ದಿ ಓಣಿಯ ತುಂಬ ಓಡಾಡುತ್ತಿತ್ತು.

ಮಾರನೆಯ ವಾರ ಖಾಸಿಂಬೀ ಒಂದು ಹಸಿರು ರಿಬ್ಬನ್ನು ಕಟ್ಟಿ ಹೋದಳು. ಅವಳ ಮಗಳು ನರ್ಸಿಂಗ್ ಪರೀಕ್ಷೆಯಲ್ಲಿ ಪಾಸಾದಳು. (ಹುಡುಗಿ ವರ್ಷವಿಡೀ ಓದಿದ್ದಳು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.) ಆಮೇಲೆ ಯಾರು ಯಾರು ಏನೇನು ಕಟ್ಟಿದರೋ ತಿಳಿಯದು. ಗಿಡದ ಬುಡಕ್ಕೆ ಅರಿಶಿಣ ಬಂತು, ಕುಂಕುಮ ಬಂತು, ಬೇಲಿಯ ಕಲ್ಲಿನ ಮೇಲೆ ತೆಂಗಿನಕಾಯಿ ಒಡೆದವು. ಒಬ್ಬಳು ಹಾಲು ಹೊಯ್ದಳು. ಬೇರು ಕೊಳೆತೀತೆಂದು ಅಂಬಣ್ಣ ಬೂದಿ ಹಾಕಿದ. ಅಲ್ಲಿ ಬೂದಿ ಕಂಡದ್ದೇ ಎಲ್ಲರೂ ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡರು.

ಅವನು ಕಚೇರಿಯ ಒಳ್ಳೆಯ ರಟ್ಟೊಂದನ್ನು ತಂದು, ದುಂಡಗಿನ ಅಕ್ಷರದಲ್ಲಿ "ಇದು ಬದನೆ ಗಿಡ. ದಯವಿಟ್ಟು ಮುಟ್ಟಬಾರದು" ಎಂದು ಬರೆದು ತೂಗುಹಾಕಿದ. ಅಂದಿನಿಂದ ಯಾರೂ ಮುಟ್ಟಲಿಲ್ಲ. ಮಡಿಮೈಲಿಗೆ ಬಹಳ ಇರುವ ದೇವರು ಎಂದು ಚಪ್ಪಲಿ ದೂರ ಬಿಟ್ಟು ನಿಂತು ಕೈ ಮುಗಿಯತೊಡಗಿದರು. ಬೇರೆ ಓಣಿಯವರೂ ಬಂದರು.

ಅಂಬಣ್ಣ ಹೆಂಡತಿಯ ಮುಂದೆ ಹೋಗಿ ನಿಂತು, ನೀನಾದರೂ ಅವರಿಗೆ ಹೇಳಬಾರದೇ ಎಂದು ಕೇಳಿದ. ಶೇಖಮ್ಮ ಟ್ರಂಕಿನ ಮುಂದೆ ಕುಳಿತು ಖಣಗಳನ್ನು ಎಣಿಸುತ್ತಿದ್ದಳು.

"ನಾ ಏನಂತ ಹೇಳ್ಲಿ?" ಎಂದಳು. "ಕೆಂಪು ಖಣ ಕಟ್ಟಿದೋರು ನೀವ. ಅರಿಶಿಣದ ದಾರ ಸುತ್ತಿದೋರು ನೀವ. ದಿನಾ ಜಳಕ ಮಾಡಿ ಬರಿಮೈಲೆ ಅದಕ್ಕ ಸುತ್ತ ಹಾಕೋರು ನೀವ. ನಾಳೆ ದೇವರು ಅಲ್ಲ ಅಂತ ನಾ ಅಂದ್ರ, ನನ್ನ ಮಾತ ಖರೆ ಅಂತಾರೋ, ನಿಮ್ಮ ಕೆಲಸ ಖರೆ ಅಂತಾರೋ?"

ಆದರೂ ಅಂಬಣ್ಣ ಹಿಂಜರಿಯಲಿಲ್ಲ. ಜನ ಬಂದರೆ ಬರಲಿ, ಕೈ ಮುಗಿದರೆ ಮುಗಿಯಲಿ, ಚೀಲದೊಳಗಿನ ಕಾಯಿ ಹಣ್ಣಾದರೆ ಸಾಕು ಎಂದುಕೊಂಡು, ಅಷ್ಟೂ ಜನರ ಕಣ್ಣೆದುರಿಗೇ ದಿನವೂ ಬರಿಮೈಯಲ್ಲಿ ಹೋಗಿ ಎಣಿಸಿ ಬಂದ. ಹನ್ನೊಂದೂ ಕಾಯಿ ಕಟ್ಟಿದ್ದವು. ಹನ್ನೊಂದೂ ದಪ್ಪಗಾದವು.

ಎಳ್ಳ ಅಮಾಸಿಗೆ ಮೂರು ದಿನ ಉಳಿಯಿತು. ಅಂದು ಕೀಳದಿದ್ದರೆ ಬೀಜ ತೆಗೆದು, ತೊಳೆದು, ಒಣಗಿಸುವುದಕ್ಕೆ ಹೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಂಬಣ್ಣ ಕತ್ತರಿ ಮತ್ತು ಅಗಲ ಬಾಯಿಯ ಪರಾತ ಹಿಡಿದು ಹಿತ್ತಲಿಗೆ ಬಂದ. ಬೇಲಿಯ ಹತ್ತಿರ ಆಗಲೇ ಹತ್ತಿಪ್ಪತ್ತು ಹೆಂಗಸರು. ಕತ್ತರಿ ಕಂಡು ಅಯ್ಯಮ್ಮ ಬೇಲಿಯ ಸಂದಿನಿಂದ ಒಳಗೆ ಬಂದು ಗಿಡಕ್ಕೆ ಅಡ್ಡ ಕೂತಳು.

"ಯಪ್ಪಾ, ಕಟ್ಟಿದ ಗಂಟು ಬಿಚ್ಚಬ್ಯಾಡ," ಎಂದಳು. "ಇಷ್ಟು ಮಂದಿ ಬೇಡಿಕೊಂಡದ್ದು ಇದರಾಗ ಅದ. ನೀ ಬಿಚ್ಚಿದ್ರ ಅವರದೆಲ್ಲಾ ಎಲ್ಲಿ ಹೋಗಬೇಕು?"

ಅಂಬಣ್ಣ ಸುತ್ತ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಶೇಖಮ್ಮ ನಿಂತಿದ್ದಳು, ಸಹಾಯಕ್ಕೂ ಅಲ್ಲ, ಅಡ್ಡಿಗೂ ಅಲ್ಲ, ನೋಡುವುದಕ್ಕೆ. ಸಾಹೇಬರ ಮುಂದೆ, ಹೆಂಡತಿಯ ಮುಂದೆ, ಹೆಂಡತಿಯ ತಮ್ಮನ ಮುಂದೆ ತಗ್ಗಿಸಿ ತಗ್ಗಿಸಿ ನೋವು ಹಿಡಿದ ಕುತ್ತಿಗೆಯನ್ನು ಅವನು ನೆಟ್ಟಗೆ ಮಾಡಿದ.

"ಅಯ್ಯಮ್ಮ ಆಯಿ, ನೀವು ಕಟ್ಟಿದ್ದು ಒಂದೂ ಬಿಚ್ಚಂಗಿಲ್ಲ. ನಾ ಕಟ್ಟಿದ್ದು ಹನ್ನೊಂದು, ಅವಿಷ್ಟೇ ಬಿಚ್ತೀನಿ. ಇದರಾಗ ದೇವರಿಲ್ಲ. ಬದನಿಕಾಯಿ ಅದ. ನಾ ಆರಿಸಿದ ಬದನಿಕಾಯಿ. ಎಲ್ಲಾರೂ ಮುಂದ ಬರ್ರಿ, ಕಣ್ಣ ತೆಗದು ನೋಡ್ರಿ."

ಅವನ ದನಿ ಅಷ್ಟು ಜೋರಾಗಿರಬಹುದೆಂದು ಓಣಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಅಯ್ಯಮ್ಮ ಎದ್ದು ಪಕ್ಕಕ್ಕೆ ಸರಿದಳು. ಅಂಬಣ್ಣ ಮೊದಲ ಗಂಟಿನ ದಾರ ಕತ್ತರಿಸಿ, ಚೀಲವನ್ನು ಕೆಳಕ್ಕೆ ಎಳೆದ.

ಹಸಿರು ಕಾಯಿ ನೋಡಿ ನೋಡಿ ಅಭ್ಯಾಸವಾಗಿದ್ದ ಓಣಿಗೆ ಕಂಡದ್ದು ಬಂಗಾರದ ಬಣ್ಣದ ಒಂದು ಗುಂಡು. ಎರಡನೆಯ ಚೀಲ, ಎರಡನೆಯ ಬಂಗಾರದ ಗುಂಡು. ಹನ್ನೊಂದೂ ಹಾಗೆಯೇ, ಎಳೆಬಿಸಿಲಿಗೆ ಹೊಳೆಯುತ್ತ. ಬದನೆ ಹಣ್ಣಾದರೆ ಹಳದಿಯಾಗುವುದು ಸಹಜ, ಬೀಜ ಬಲಿತ ಗುರುತು ಅದು ಎಂದು ಅಂಬಣ್ಣ ವಿವರಿಸಿದ. ಅಯ್ಯಮ್ಮ ಒಂದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ತಿರುಗಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಹಳದಿಯಾದ ಬದನೆಯನ್ನು ಅವಳು ಕಂಡಿದ್ದಳು. ಅವಳು ಹುಡುಕುತ್ತಿದ್ದುದು ಬೇರೆ.

"ಹುಳದ ತೂತ ಎಲ್ಲಿ ಅದ?" ಎಂದಳು.

ಇಲ್ಲ ಎಂದ ಅಂಬಣ್ಣ. ಔಷಧಿ ಹೊಡೆದಿದ್ದೀಯಾ ಎಂದು ಕೇಳಿದಳು. ಒಂದು ಹನಿಯೂ ಇಲ್ಲ ಎಂದ, ಹೆಮ್ಮೆಯಿಂದಲೇ. ಹನ್ನೊಂದು ಕಾಯಿಯಲ್ಲಿ ಒಂದಕ್ಕೂ ಹುಳ ಬಿದ್ದಿಲ್ಲವೇ ಎಂದು ಖಾಸಿಂಬೀ ಕೇಳಿದಳು. ಒಂದಕ್ಕೂ ಇಲ್ಲ ಎಂದ. ಬೇಲಿಯಾಚೆಯಿಂದ ಒಬ್ಬಳು ಕೈ ಮುಗಿದಳು. ಆಮೇಲೆ ಎಲ್ಲರೂ ಮುಗಿದರು. ಔಷಧಿಯಿಲ್ಲದೆ ಹುಳ ಬೀಳದ ಬದನೆಯನ್ನು ಸುರಪುರ ತಾಲೂಕು ಅದುವರೆಗೆ ಕಂಡಿರಲಿಲ್ಲ. ಚೀಲ ಕಟ್ಟಿದ್ದರಿಂದ ಚಿಟ್ಟೆ ಮೊಟ್ಟೆ ಇಡಲಾಗಲಿಲ್ಲ, ಅದಕ್ಕೇ ಹುಳವಿಲ್ಲ ಎಂದು ಅಂಬಣ್ಣ ಕೂಗಿ ಹೇಳಿದ. ಹೌದೌದು, ಗಂಟಿನ ಮಹಿಮೆಯೇ ಅದು ಎಂದು ಎಲ್ಲರೂ ಒಪ್ಪಿಕೊಂಡರು.

ಬೀಜ ತೆಗೆಯುವಾಗ ಕೈಗಳು ಬೇಲಿಯ ಮೇಲಿಂದ ಒಳಗೆ ಬಂದವು. ಕೇಳಿದವರಿಗೆ ಇಲ್ಲ ಎನ್ನಬಾರದೆಂದು ಮೇಷ್ಟ್ರು ಬರೆದಿದ್ದರಲ್ಲ. ಮೊದಲು ತನ್ನ ಒಂದು ಹಿಡಿಯನ್ನು ಎತ್ತಿಟ್ಟುಕೊಂಡು, ಅಂಬಣ್ಣ ಉಳಿದದ್ದನ್ನು ಇಪ್ಪತ್ತಮೂರು ಮನೆಗಳಿಗೆ ಚಿಟಿಕೆ ಚಿಟಿಕೆಯಾಗಿ ಹಂಚಿದ. ಹೇಗೆ ಬಿತ್ತಬೇಕು, ಎಷ್ಟು ನೀರು, ಬೀಜ ಹೇಗೆ ಇಡಬೇಕು, ಎಲ್ಲವನ್ನೂ ಹೇಳಿದ. ಜನ ಇಷ್ಟು ಲಕ್ಷ್ಯಕೊಟ್ಟು ಅವನ ಮಾತು ಕೇಳಿದ್ದು ಅದೇ ಮೊದಲು. ಎಲ್ಲ ಮುಗಿದ ಮೇಲೆ ಅಯ್ಯಮ್ಮ ಸೆರಗಿನಲ್ಲಿ ತನ್ನ ಪಾಲನ್ನು ಗಂಟು ಹಾಕಿಕೊಳ್ಳುತ್ತ, ಹಿರಿಯಳಾದ್ದರಿಂದ ಒಂದು ಮಾತು ಹೇಳಬೇಕೆಂದಳು.

"ಗಿಡ ಕಾಯ್ದೋರ ಮನ್ಯಾಗ ಆ ಕಾಯಿಗೆ ಈಳಿಗಿ ಹಚ್ಚಬಾರದು. ದೇವರ ಹೆಸರಿಲೆ ಅದನ್ನ ತಿನ್ನೋದು ಬಿಡಬೇಕು. ನಮ್ಮ ಹಿರೇರು ಹಂಗ ಮಾಡ್ಯಾರ."

ಅಂಬಣ್ಣ ಬಾಯಿ ತೆರೆಯುವ ಮೊದಲೇ, ಮೂರು ತಿಂಗಳಿಂದ ದೇವರೂ ಇಲ್ಲ ಗೀವರೂ ಇಲ್ಲ ಎಂಬಂತಿದ್ದ ಶೇಖಮ್ಮ ಅಡುಗೆಮನೆಯ ಬಾಗಿಲಿಂದಲೇ ಸೆರಗು ಹೊದ್ದು, ಎರಡೂ ಕೈ ಹಣೆಗೆ ಹಚ್ಚಿ, "ಬಿಟ್ಟೀವಿ," ಎಂದಳು.

ಎಳ್ಳ ಅಮಾಸಿಯ ದಿನ ಹೊಲದಲ್ಲಿ, ಬಾಲರಾಜನ ಕಣ್ಣೆದುರಿಗೆ, ಅಂಬಣ್ಣ ಒಂದು ಹಿಡಿ ಬೀಜವನ್ನು ಹೆಂಡತಿಯ ಅಂಗೈಗೆ ಸುರಿದ. ಒಣಗಿದ, ಚೊಕ್ಕ, ತಿಳಿ ಹಳದಿ ಬಣ್ಣದ ಬೀಜ. ಬಾಲರಾಜ ಬಾಗಿ ನೋಡಿದ, ಉಗುರಿನಿಂದ ಒಂದನ್ನು ಒತ್ತಿ ನೋಡಿದ, ಆಮೇಲೆ ಭಜ್ಜಿಯ ಬೋಗುಣಿಯ ಕಡೆ ತಿರುಗಿದ. ನಿನ್ನ ಪಾಕೀಟನ್ನು ನಮ್ಮ ಓಣಿಯಲ್ಲಿ ಇನ್ನು ಇಪ್ಪತ್ತಮೂರು ಮನೆಯವರು ಕೇಳುವುದಿಲ್ಲ ಎಂದು ಅಂಬಣ್ಣ ಅವನಿಗೆ ತಿಳಿಸಿದ. ಒಂದು ಸಲ ಅಲ್ಲ, ಮೂರು ಸಲ ತಿಳಿಸಿದ.

"ನೀವು ಗೆದ್ರಿ," ಎಂದಳು ಶೇಖಮ್ಮ. ಎಲ್ಲರೂ ಕೇಳುವಂತೆಯೇ ಹೇಳಿದಳು. ನಂತರ ಆ ಬೀಜವನ್ನು ಕಾಗದದಲ್ಲಿ ಮಡಿಚಿ, ಯಾದಗಿರಿಯಿಂದ ಬಂದಿದ್ದ ಕವಿತಾಳ ಉಡಿಗೆ ಹಾಕಿದಳು.

ಅಂಬಣ್ಣನಿಗೆ ಒಂದು ಕ್ಷಣ ತಿಳಿಯಲಿಲ್ಲ. ಹಾಗಾದರೆ ನಮ್ಮ ಹಿತ್ತಲಿಗೆ ಯಾವ ಬೀಜ ಎಂದು ಕೇಳಿದ. ನಾವು ಆ ಕಾಯಿ ಬಿಟ್ಟಿದ್ದೇವಲ್ಲ ಎಂದಳು ಶೇಖಮ್ಮ. ನನಗೆ ಕೊಟ್ಟ ಮಾತು ಏನಾಯಿತು ಎಂದ. ಅದೂ ಇದೆ ಎಂದಳು. "ಅದು ಹೋದ ವರ್ಷದ ಮಾತು," ಎಂದ ಅಂಬಣ್ಣ, ದನಿ ಏರಿಸಿ. "ದೇವರಿಗೆ ಕೊಟ್ಟಿದ್ದು ಮೊನ್ನೆದು. ಯಾವುದು ಮೊದಲು?"

"ದೇವರ ಮುಂದ ಸೀನಿಯಾರಿಟಿ ನಡೀತದೇನ್ರಿ?" ಎಂದಳು ಶೇಖಮ್ಮ. "ಇದೇನು ನಿಮ್ಮ ಕಚೇರಿ ಅಲ್ಲ."

ಕಾರ ಹುಣ್ಣಿಮೆಗೆ ಬಾಲರಾಜ ಬಂದ, ಊಟ ಮಾಡಿದ, ಪಾಕೀಟು ಇಟ್ಟು ಹೋದ. ಓಣಿಯ ಇಪ್ಪತ್ತಮೂರು ಹಿತ್ತಲುಗಳಲ್ಲಿ ಥಾಯ್ಲೆಂಡಿನ ಗುಂಡು ಹಸಿರು ಎದ್ದು ನಿಂತಿತು. ಗಿಡಗಿಡಕ್ಕೂ ಬಣ್ಣಬಣ್ಣದ ಖಣದ ಚೀಲ. ಒಬ್ಬರ ಕಾಯಿಗೂ ಹುಳವಿಲ್ಲ. ಸೊಸೆಗೆ ಇನ್ನೂ ಸಸಿ ಬೇಕಿತ್ತು, ಶಹಾಪುರದ ಬೀಗರು ಕೇಳಿದ್ದಾರೆ ಎಂದು ಜನ ಅಂಬಣ್ಣನನ್ನೇ ಹುಡುಕಿಕೊಂಡು ಬಂದರು. ಅವನು ಒಬ್ಬೊಬ್ಬರಿಗೂ ಕೂತು ವಿವರಿಸಿದ. ಅವನ ಆಯ್ಕೆಯನ್ನು ಒಪ್ಪದ ಮನೆ ಆ ಓಣಿಯಲ್ಲಿ ಒಂದೇ ಒಂದು ಇತ್ತು, ಮತ್ತು ಅದರ ಬಾಗಿಲ ಮೇಲೆ ಅವನದೇ ಹೆಸರಿತ್ತು.

ಒಂದು ಭಾನುವಾರ ಮಧ್ಯಾಹ್ನ ಖಾಸಿಂಬೀಯ ಮನೆಯಿಂದ ಎಣ್ಣೆಗಾಯಿಯ ವಾಸನೆ ಬಂತು. ಎದುರುಮನೆಯಿಂದಲೂ ಬಂತು. ಅಂಬಣ್ಣ ತಟ್ಟೆಯ ಮುಂದೆ ಕುಳಿತಿದ್ದ. ತಟ್ಟೆಯಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲಿ ಬಾಲರಾಜನ ಹೈಬ್ರಿಡ್ ಬದನೆ, ದೊಡ್ಡದು, ನೇರಳೆ, ಮಿರಮಿರ ಮಿಂಚುವುದು. ರುಚಿಯೂ ಕೆಟ್ಟದ್ದೇನಲ್ಲ, ಅದೇ ಅವನನ್ನು ಇನ್ನಷ್ಟು ಕೆರಳಿಸಿತು. ಒಂದು ತುತ್ತು ತಿಂದು, ಬೆನ್ನು ನೆಟ್ಟಗೆ ಮಾಡಿಕೊಂಡು, ಪಕ್ಕದ ಮನೆಗೂ ಕೇಳಲಿ ಎಂಬಂತೆ ಹೇಳಿದ, "ಉಪ್ಪ ಕಮ್ಮಿ ಆಗ್ಯದ."

ಶೇಖಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಕೈಯಿಂದ ಉಪ್ಪಿನ ಡಬ್ಬಿಯನ್ನು ಅವನ ತಟ್ಟೆಯ ಹತ್ತಿರಕ್ಕೆ ಸರಿಸಿದಳು.

"ಎಷ್ಟು ಬೇಕೋ ನೀವ ಆರಿಸಿ ಹಾಕ್ಕೋರಿ," ಎಂದಳು.